ಹಾರ್ನ್ ಒತ್ತಿದರೆ ಹೆಡ್‌ಲೈಟ್ ಮಂಕು: ಹಳೇ ಪಿಕಪ್‌ನ ವೈರಿಂಗ್ ಬದಲಿಸುವುದು ಅಂದರೆ ಏನು?

ಟೊಮೆಟೊ ಸೀಸನ್ ಬಂತೆಂದರೆ ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಕಡೆಯಿಂದ ಕೋಲಾರದ ಎಪಿಎಂಸಿಗೆ ಬೆಳಕು ಹರಿಯುವ ಮುಂಚೆಯೇ ಪಿಕಪ್‌ಗಳ ಸಾಲು ಶುರು. ಅದೇ ಹೊತ್ತಿಗೆ ಮಳೆಯೂ ಹಿಡಿದುಕೊಳ್ಳುತ್ತದೆ. ಹತ್ತು ಹದಿನೈದು ವರ್ಷ ದುಡಿದ ಗಾಡಿಗಳ ಕರೆಂಟಿನ ಕಾಯಿಲೆಗಳೆಲ್ಲ ಆಚೆ ಬರುವುದು ಆಗಲೇ.

ನಮ್ಮ ಮನೆಯ ಗಾಡಿಯದ್ದೂ ಇದೇ ಕಥೆ. ಹಾರ್ನ್ ಒತ್ತಿದರೆ ಹೆಡ್‌ಲೈಟ್ ಮಂಕಾಗುತ್ತಿತ್ತು. ಬ್ರೇಕ್ ತುಳಿದರೆ ಮುಂದಿನ ಪಾರ್ಕಿಂಗ್ ಲೈಟು ಸಣ್ಣಗೆ ಉರಿಯುತ್ತಿತ್ತು. ನಾವು ನಕ್ಕು ಸುಮ್ಮನಾಗಿದ್ದೆವು. ಒಂದು ಬೆಳಗಿನ ಜಾವ ಲೋಡ್ ತುಂಬಿಕೊಂಡು ಹೊರಟಾಗ ಸ್ಟಿಯರಿಂಗ್ ಕೆಳಗಿಂದ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ಆಮೇಲೆ ನಗು ಬರಲಿಲ್ಲ. ಆಟೋ ಎಲೆಕ್ಟ್ರಿಷಿಯನ್ ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಹಿಡಿದು ನೋಡಿ, "ಅಣ್ಣಾ, ಇನ್ನು ಜಾಯಿಂಟ್ ಹಾಕ್ಕೊಂಡು ಓಡ್ಸೋಕಾಗಲ್ಲ. ಪೂರ್ತಿ ಕಿಟ್ಟೇ ಬದಲಾಯಿಸ್ಬೇಕು" ಅಂದರು.

ಇಂಜಿನ್ ಬಿಚ್ಚಿದರೆ ಸವೆದ ಸಾಮಾನು ಕಣ್ಣಿಗೆ ಕಾಣುತ್ತದೆ. ಟೈರು ಸವೆದರೂ ಕಾಣುತ್ತದೆ. ವೈರಿಂಗ್ ಹಾಗಲ್ಲ. ಟೇಪು ಸುತ್ತಿದ ಒಂದು ಕಟ್ಟು, ಒಳಗೆ ಏನಾಗಿದೆಯೋ ಗೊತ್ತಾಗುವುದಿಲ್ಲ. ಹಾಗಾಗಿ "ಕಿಟ್ಟೇ ಬದಲಾಯಿಸ್ಬೇಕು" ಅಂದ ತಕ್ಷಣ ಮಾಲೀಕರಿಗೆ ಅನುಮಾನ ಶುರು. ಆ ಕಟ್ಟಿನ ಒಳಗೆ ಏನಿದೆ, ಅದು ಯಾಕೆ ಹಾಳಾಗುತ್ತದೆ, ಬದಲಿಸುವಾಗ ಏನೇನು ಮಾಡುತ್ತಾರೆ ಅಂತ ಬುಡದಿಂದ ನೋಡೋಣ.

ಈ ಕಟ್ಟಿನಲ್ಲಿ ಏನಿದೆ?

ಪುಸ್ತಕದಲ್ಲಿ ಇದಕ್ಕೆ ವೈರಿಂಗ್ ಹಾರ್ನೆಸ್ ಅನ್ನುತ್ತಾರೆ. ಗ್ಯಾರೇಜಿನಲ್ಲಿ ವೈರಿಂಗ್ ಕಿಟ್ ಅಥವಾ ವೈರಿಂಗ್ ಸೆಟ್. ಬ್ಯಾಟರಿಯಿಂದ ಗಾಡಿಯ ಪ್ರತಿ ಲೈಟು, ಹಾರ್ನು, ವೈಪರ್, ಮೀಟರ್, ಇಂಜಿನ್ ಶುರುಮಾಡುವ ಸೆಲ್ಫ್ ಮೋಟಾರಿಗೆ ಹೋಗುವ ವೈರುಗಳನ್ನು ಅಳತೆಗೆ ಕತ್ತರಿಸಿ, ತುದಿಗೆ ಕಪ್ಲರ್ (ಒಂದಕ್ಕೊಂದು ಸಿಕ್ಕಿಸುವ ಕನೆಕ್ಟರ್) ಹಾಕಿ, ಒಟ್ಟಿಗೆ ಸುತ್ತಿದ ಕಟ್ಟು ಅದು.

ತೋಟದ ಡ್ರಿಪ್ ನೆನಪಿಸಿಕೊಳ್ಳಿ. ಬೋರ್‌ನಿಂದ ಮೇನ್ ಪೈಪು, ಅದರಿಂದ ಸಬ್‌ಮೇನ್, ಅದರಿಂದ ಪ್ರತಿ ಸಾಲಿಗೂ ಸಣ್ಣ ಪೈಪು, ಕೊನೆಗೆ ಗಿಡದ ಬುಡದಲ್ಲಿ ತೊಟ್ಟು ನೀರು. ವೈರಿಂಗ್ ಕಿಟ್ಟೂ ಹಾಗೇ. ಬ್ಯಾಟರಿ ಹತ್ತಿರ ದಪ್ಪ ವೈರು, ಫ್ಯೂಸ್ ಬಾಕ್ಸಿನಲ್ಲಿ ಕವಲು, ಅಲ್ಲಿಂದ ಸಣ್ಣ ಸಣ್ಣ ವೈರು. ಹಳೇ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಮೂರು ಭಾಗ ಇರುತ್ತದೆ: ಬಾನೆಟ್ ಕೆಳಗಿನದ್ದು, ಡ್ಯಾಶ್‌ಬೋರ್ಡಿನದ್ದು, ಚಾಸಿ ಉದ್ದಕ್ಕೂ ಹಿಂದಿನ ಲೈಟಿನವರೆಗೆ ಓಡುವುದು. ಮೂರೂ ದೊಡ್ಡ ಕಪ್ಲರ್‌ಗಳಲ್ಲಿ ಒಂದಕ್ಕೊಂದು ಕೂಡುತ್ತವೆ. ಹಿಂದಿನದು ಮಾತ್ರ ಕೆಟ್ಟಿದ್ದರೆ ಅಷ್ಟನ್ನೇ ಬದಲಿಸಬಹುದು. ಇದನ್ನು ಕೇಳಿದರೆ ದುಡ್ಡು ಉಳಿದೀತು.

ಬಣ್ಣಗಳು ಅಂದಕ್ಕೆ ಅಲ್ಲ. ಕೆಂಪು, ಕಪ್ಪು, ಹಸಿರು ಸಾಲದೆ ಹೋದಾಗ ಹಸಿರಿನ ಮೇಲೆ ಬಿಳಿ ಗೆರೆ, ಹಳದಿ ಮೇಲೆ ಕೆಂಪು ಗೆರೆ ಹಾಕುತ್ತಾರೆ. ಒಂದು ತುದಿಯಲ್ಲಿ ಕಂಡ ಬಣ್ಣವೇ ಇನ್ನೊಂದು ತುದಿಯಲ್ಲೂ ಸಿಗಬೇಕು, ಅಷ್ಟೇ ಅದರ ಉಪಯೋಗ. ಮಧ್ಯದಲ್ಲಿ ಯಾರೋ ಕೈಗೆ ಸಿಕ್ಕ ನೀಲಿ ವೈರು ಜೋಡಿಸಿದ್ದರೆ ಆ ಗುರುತು ಅಲ್ಲಿಗೆ ಮುಗಿಯಿತು.

ಹೋದ ಕರೆಂಟು ವಾಪಸ್ ಬರಲೇಬೇಕು

ಅರ್ಥ್ ವಿಷಯ ಒಂದು ಗೊತ್ತಾದರೆ ಗಾಡಿಯ ಅರ್ಧ ಕಾಯಿಲೆ ಗೊತ್ತಾದಂತೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ.

ಬಲ್ಬು ಉರಿಯಬೇಕಾದರೆ ಕರೆಂಟು ಬ್ಯಾಟರಿಯ ಪ್ಲಸ್ ಕಡೆಯಿಂದ ಹೊರಟು, ಬಲ್ಬಿನೊಳಗೆ ಹಾದು, ಮೈನಸ್ ಕಡೆಗೆ ವಾಪಸ್ ಬರಬೇಕು. ಮನೆಯಲ್ಲಿ ಇದಕ್ಕೆ ಎರಡು ವೈರು ಎಳೆಯುತ್ತಾರೆ. ಗಾಡಿಯಲ್ಲಿ ಒಂದೇ ವೈರು. ವಾಪಸ್ ಬರುವ ದಾರಿ ಗಾಡಿಯ ಕಬ್ಬಿಣದ ಮೈಯೇ. ಬ್ಯಾಟರಿಯ ಮೈನಸ್ ಕೇಬಲ್ಲನ್ನು ಚಾಸಿಗೆ ಬೋಲ್ಟ್ ಮಾಡಿರುತ್ತಾರೆ. ಪ್ರತಿ ಲೈಟಿನ ಹತ್ತಿರವೂ ಒಂದು ಸಣ್ಣ ಕಪ್ಪು ವೈರು ಬಾಡಿಗೆ ಸ್ಕ್ರೂ ಆಗಿರುತ್ತದೆ. ಇದನ್ನೇ ಅರ್ಥ್ ಅನ್ನುವುದು. ನೆಲಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಗಾಡಿ ಟೈರಿನ ಮೇಲೆ ನಿಂತಿದೆಯಲ್ಲ!

ಆ ಸ್ಕ್ರೂ ಕೆಳಗೆ ತುಕ್ಕು ಹಿಡಿದರೆ? ವಾಪಸ್ ಬರುವ ಬಾಗಿಲು ಮುಚ್ಚಿದಂತೆ. ಕರೆಂಟು ಬೇರೆ ದಾರಿ ಹುಡುಕುತ್ತದೆ. ನಮ್ಮ ಗಾಡಿಯ ಬ್ರೇಕ್ ಲೈಟಿನ ತಮಾಷೆ ಇದೇ. ಹಿಂದಿನ ಬಲ್ಬಿನಲ್ಲಿ ಎರಡು ತಂತಿ ಇರುತ್ತದೆ. ಬ್ರೇಕಿಗೆ 21 ವ್ಯಾಟಿನದ್ದು, ಪಾರ್ಕಿಂಗ್‌ಗೆ 5 ವ್ಯಾಟಿನದ್ದು. ಎರಡಕ್ಕೂ ಅರ್ಥ್ ಒಂದೇ. ಅದು ಕಿತ್ತುಹೋದಾಗ ಬ್ರೇಕಿನ ಕರೆಂಟು 21 ವ್ಯಾಟಿನ ತಂತಿ ದಾಟಿ ಬಂದು ನಿಂತುಬಿಡುತ್ತದೆ. ಮುಂದೆ ದಾರಿ ಇಲ್ಲ. ಆಗ ಪಕ್ಕದ 5 ವ್ಯಾಟಿನ ತಂತಿಗೆ ಉಲ್ಟಾ ನುಗ್ಗಿ, ಪಾರ್ಕಿಂಗ್ ಲೈಟಿನ ವೈರು ಹಿಡಿದು, ಆ ಕಡೆಯ ಬಲ್ಬು, ಮುಂದಿನ ಬಲ್ಬು ಎಲ್ಲ ಸುತ್ತಿ ಅಲ್ಲಿನ ಅರ್ಥ್‌ನಿಂದ ಮನೆ ಸೇರುತ್ತದೆ. ಬ್ರೇಕ್ ತುಳಿದರೆ ಮುಂದಿನ ಲೈಟು ಸಣ್ಣಗೆ ಉರಿಯುವುದು, ಬ್ರೇಕ್ ಲೈಟೇ ಮಂಕಾಗುವುದು ಇದಕ್ಕೇ. ಬಲ್ಬು ಬದಲಿಸಿದರೆ ಏನೂ ಆಗುವುದಿಲ್ಲ. ಸ್ಕ್ರೂ ಬಿಚ್ಚಿ ಎಮರಿ ಪೇಪರಿನಲ್ಲಿ ಉಜ್ಜಿ ಮತ್ತೆ ಬಿಗಿ ಮಾಡಿದರೆ ಸಾಕು.

ಇಂಜಿನ್ನಿನ ಅರ್ಥ್ ಇದಕ್ಕಿಂತ ದೊಡ್ಡ ವಿಷಯ. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ, ಚಾಸಿಗೆ ನೇರ ತಾಕುವುದಿಲ್ಲ. ಹಾಗಾಗಿ ಎರಡನ್ನೂ ಜೋಡಿಸಲು ತಾಮ್ರದ ಜಡೆಯಂಥ ಪಟ್ಟಿ ಒಂದು ಇರುತ್ತದೆ. ಅದು ತುಂಡಾದರೆ ಸೆಲ್ಫ್ ಹೊಡೆದಾಗ 200 ಆಂಪ್‌ನಷ್ಟು ಕರೆಂಟು ವಾಪಸ್ ಬರಲು ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್ ಹಿಡಿಯುತ್ತದೆ. ಕೇಬಲ್ ಬಿಸಿಯಾಗಿ ಒಳಗಿನ ಪ್ಲಾಸ್ಟಿಕ್ ಕರಗಿ ಬಿಗಿಯಾಗುತ್ತದೆ. ಕೇಬಲ್ ಬದಲಿಸುತ್ತಲೇ ಇರುತ್ತೀರಿ, ತಪ್ಪು ಮಾತ್ರ ಆ ಪಟ್ಟಿಯದ್ದು.

ಗೀಸರ್‌ಗಿಂತ ಜಾಸ್ತಿ ಕರೆಂಟು

ವೋಲ್ಟ್ ಅಂದರೆ ತಳ್ಳುವ ಒತ್ತಡ. ಆಂಪ್ ಅಂದರೆ ಹರಿಯುವ ಪ್ರಮಾಣ. ಎರಡನ್ನೂ ಗುಣಿಸಿದರೆ ವ್ಯಾಟ್. ಇಷ್ಟು ಲೆಕ್ಕ ಸಾಕು.

ಮನೆಯ ಗೀಸರ್ 2000 ವ್ಯಾಟಿನದ್ದು ಅಂತಿಟ್ಟುಕೊಳ್ಳಿ. 230 ವೋಲ್ಟಿನಲ್ಲಿ ಅದು ಎಳೆಯುವುದು ಸುಮಾರು 9 ಆಂಪ್. ಪಿಕಪ್‌ನ ಹ್ಯಾಲೊಜೆನ್ ಹೆಡ್‌ಲೈಟು ಹೈ ಬೀಮಿನಲ್ಲಿ 60 ವ್ಯಾಟ್, ಎರಡು ಸೇರಿ 120. ಬ್ಯಾಟರಿ ಬರೀ 12 ವೋಲ್ಟ್. ಹಾಗಾದರೆ 10 ಆಂಪ್. ಅಂದರೆ ನೀರು ಕಾಯಿಸುವ ಗೀಸರ್‌ಗಿಂತ ಜಾಸ್ತಿ ಕರೆಂಟು ಎರಡು ಹೆಡ್‌ಲೈಟಿನ ವೈರಿನಲ್ಲಿ ಹರಿಯುತ್ತದೆ. ಗೀಸರ್‌ಗೆ ದಪ್ಪ ವೈರು ಹಾಕಿಸುವ ನಾವು ಗಾಡಿಗೆ ಮಾತ್ರ ಸ್ಪೀಕರ್ ವೈರು ಸುತ್ತುತ್ತೇವೆ.

ವೈರು ಎಷ್ಟೇ ಒಳ್ಳೆಯದಾದರೂ ಸ್ವಲ್ಪ ತಡೆ ಇದ್ದೇ ಇರುತ್ತದೆ. ಉದ್ದವಾದಷ್ಟೂ ತಡೆ ಜಾಸ್ತಿ, ದಪ್ಪವಾದಷ್ಟೂ ಕಡಿಮೆ. ಬೋರ್‌ವೆಲ್ ಇಳಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಸಾವಿರ ಅಡಿ ಆಳಕ್ಕೆ ಸಣ್ಣ ಕೇಬಲ್ ಬಿಟ್ಟರೆ ಮೋಟಾರಿಗೆ ವೋಲ್ಟೇಜ್ ಸಾಲದೆ ಕಾಯಿಲ್ ಸುಡುತ್ತದೆ. ಗಾಡಿಯಲ್ಲೂ ಬ್ಯಾಟರಿಯಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಹೈ-ಲೋ ಬೀಮ್ ಬದಲಿಸುವ ಡಿಪ್ಪರ್‌ಗೆ, ಅಲ್ಲಿಂದ ಲೈಟಿಗೆ ಅಂತ ಸುತ್ತಾಡಿ ನಾಲ್ಕೈದು ಮೀಟರ್ ಆಗುತ್ತದೆ. 1 ಚದರ ಮಿ.ಮೀ. ದಪ್ಪದ ತಾಮ್ರದ ವೈರಿನಲ್ಲಿ 5 ಮೀಟರ್ ದೂರಕ್ಕೆ 10 ಆಂಪ್ ಹರಿದರೆ ದಾರಿಯಲ್ಲೇ 0.85 ವೋಲ್ಟ್ ಹತ್ತಿರ ಕಳೆದುಹೋಗುತ್ತದೆ. 2.5 ಚದರ ಮಿ.ಮೀ. ಹಾಕಿದರೆ ಕಳೆಯುವುದು 0.35ರ ಆಸುಪಾಸು. ಒಂದು ವೋಲ್ಟಿಗೆ ಇಷ್ಟು ತಲೆಬಿಸಿ ಯಾಕೆ ಅಂತೀರಾ? ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇ 10ರಷ್ಟು ಕಡಿಮೆಯಾದರೆ ಬೆಳಕು ಶೇ 30ರಷ್ಟು ಇಳಿಯುತ್ತದೆ. ಮಳೆಯ ರಾತ್ರಿ ರಸ್ತೆಯ ಹಂಪ್ ಕಾಣದೆ ಹೋಗುವುದು ಹೀಗೆ.

ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ಹಳೇ ನಂಟು ಇದೆ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್ ಚಿನ್ನದ ಗಣಿಗೆ ಕರೆಂಟು ತಂದರು. ದೂರ ಸುಮಾರು 92 ಮೈಲಿ. ಅಷ್ಟು ದೂರ ಕಡಿಮೆ ವೋಲ್ಟಿನಲ್ಲಿ ಕಳಿಸಿದ್ದರೆ ದಾರಿಯಲ್ಲೇ ಸೋರಿಹೋಗುತ್ತಿತ್ತು. ಹಾಗಾಗಿ ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಕಳಿಸಿದರು. ಒತ್ತಡ ಏರಿದರೆ ಅಷ್ಟೇ ಕೆಲಸಕ್ಕೆ ಆಂಪ್ ಕಡಿಮೆ ಸಾಕು, ಸೋರಿಕೆಯೂ ಕಡಿಮೆ. ಪಿಕಪ್‌ನಲ್ಲಿ ಆ ಉಪಾಯ ನಡೆಯುವುದಿಲ್ಲ. 12 ವೋಲ್ಟು ಅಂದರೆ 12 ವೋಲ್ಟೇ. ಉಳಿದಿರುವುದು ವೈರನ್ನು ದಪ್ಪ ಮಾಡುವ ದಾರಿ ಒಂದೇ.

ಫ್ಯೂಸ್ ಯಾರನ್ನು ಕಾಯುತ್ತದೆ?

ಬಲ್ಬನ್ನು ಕಾಯುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಫ್ಯೂಸ್ ಕಾಯುವುದು ವೈರನ್ನು.

ವೈರು ಎಲ್ಲೋ ಉಜ್ಜಿ ಸಿಪ್ಪೆ ಸುಲಿದು ಬಾಡಿಗೆ ತಾಕಿತು ಅನ್ನಿ. ಕರೆಂಟಿಗೆ ಈಗ ಬಲ್ಬಿನ ತಡೆಯೇ ಇಲ್ಲ, ಅಡ್ಡದಾರಿ ಸಿಕ್ಕಿದೆ. ಇದೇ ಶಾರ್ಟ್. ನೂರಾರು ಆಂಪ್ ಒಮ್ಮೆಲೇ ನುಗ್ಗುತ್ತದೆ. ವೈರು ಕೆಂಪಗೆ ಕಾಯುವ ಮೊದಲೇ ಫ್ಯೂಸಿನ ತೆಳ್ಳನೆ ಪಟ್ಟಿ ಕರಗಿ ದಾರಿ ಕಡಿಯಬೇಕು. ಅಂದರೆ ಆ ಸಾಲಿನಲ್ಲಿ ಎಲ್ಲಕ್ಕಿಂತ ಬಲಹೀನ ಫ್ಯೂಸೇ ಆಗಿರಬೇಕು. 10 ಆಂಪ್ ತಾಳುವ ವೈರಿಗೆ 30 ಆಂಪ್ ಫ್ಯೂಸ್ ಹಾಕಿದರೆ ಫ್ಯೂಸ್ ಆರಾಮವಾಗಿ ಕೂತಿರುತ್ತದೆ, ವೈರೇ ಫ್ಯೂಸ್ ಆಗಿಬಿಡುತ್ತದೆ. ಫ್ಯೂಸ್ ಹೋದಾಗ ಸಿಗರೇಟಿನ ಬೆಳ್ಳಿ ಕಾಗದ ಸುತ್ತುವುದು, ತಾಮ್ರದ ಎಳೆ ಕಟ್ಟುವುದು ಎಲ್ಲ ಇದೇ ಜಾತಿ. ಡ್ಯಾಶ್‌ಬೋರ್ಡ್ ಕೆಳಗೆ ನಮಗೆ ಸಿಕ್ಕಿದ್ದೂ ಅಂಥದ್ದೇ ಒಂದು ತಾಮ್ರದ ಎಳೆ. ಯಾವ ಕಾಲದಲ್ಲಿ ಯಾರು ಸುತ್ತಿದ್ದರೋ! ನಾವೇ ಇರಬಹುದು.

ಚಪ್ಪಟೆ ಫ್ಯೂಸುಗಳ ಬಣ್ಣ ನೆನಪಿಟ್ಟರೆ ಒಳ್ಳೆಯದು. ಕಂದು 7.5 ಆಂಪ್, ಕೆಂಪು 10, ನೀಲಿ 15, ಹಳದಿ 20, ಬಿಳಿ 25, ಹಸಿರು 30. ಹೋದ ಬಣ್ಣದ್ದೇ ಮತ್ತೆ ಹಾಕಬೇಕು. ಮತ್ತೆ ಹೋದರೆ ದೊಡ್ಡದು ಹಾಕುವುದಲ್ಲ, ಶಾರ್ಟ್ ಎಲ್ಲಿದೆ ಅಂತ ಹುಡುಕುವುದು.

ಬ್ಯಾಟರಿಯಿಂದ ಸೆಲ್ಫಿಗೆ ಹೋಗುವ ದಪ್ಪ ಕೇಬಲ್ಲಿಗೆ ಸಾಮಾನ್ಯವಾಗಿ ಫ್ಯೂಸೇ ಇರುವುದಿಲ್ಲ. ಅಷ್ಟು ಕರೆಂಟು ಎಳೆಯುವ ಕಡೆ ಫ್ಯೂಸ್ ಇಡುವುದು ಕಷ್ಟ. ಅದು ಎಲ್ಲಾದರೂ ಚಾಸಿಗೆ ಉಜ್ಜುತ್ತಿದೆಯಾ ಅಂತ ನೋಡುವುದು ಮಿಕ್ಕ ಎಲ್ಲಕ್ಕಿಂತ ಮುಖ್ಯ.

ಇನ್ನು ರಿಲೇ. ಬೋರ್‌ವೆಲ್ ಸ್ಟಾರ್ಟರ್ ಡಬ್ಬಿಯಲ್ಲಿ ಹಸಿರು ಬಟನ್ ಒತ್ತಿದರೆ ಒಳಗೆ ಟಕ್ ಅಂತ ಕಾಂಟ್ಯಾಕ್ಟರ್ ಕೂರುತ್ತದೆ, ಅಲ್ವಾ? ಮೋಟಾರಿನ ಕರೆಂಟು ಬಟನ್ ಮೇಲೆ ಹರಿಯುವುದಿಲ್ಲ. ರಿಲೇ ಅದರ ಮರಿ. ಸ್ವಿಚ್ಚಿನಲ್ಲಿ ಸಣ್ಣ ಕರೆಂಟು ಮಾತ್ರ, ಹೆಡ್‌ಲೈಟಿನ ದೊಡ್ಡ ಕರೆಂಟು ಬ್ಯಾಟರಿಯಿಂದ ರಿಲೇ ಮೂಲಕ ಹತ್ತಿರದ ದಾರಿಯಲ್ಲಿ ಹೋಗುತ್ತದೆ. ಹಳೇ ಗಾಡಿಗಳಲ್ಲಿ ಹೆಡ್‌ಲೈಟಿಗೆ ರಿಲೇ ಇಲ್ಲದಿದ್ದರೆ ಕಿಟ್ ಬದಲಿಸುವಾಗಲೇ ಹಾಕಿಸುವುದು ಸುಲಭ. ರಿಲೇ ಕಾಲುಗಳ ಪಕ್ಕ 30, 85, 86, 87 ಅಂತ ನಂಬರ್ ಇರುತ್ತದೆ. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಹಾದು ಬರುವ ವೈರು, 87ರಿಂದ ಲೈಟಿಗೆ. 85, 86 ಒಳಗಿನ ಕಾಯಿಲ್‌ದು.

ವೈರು ಹಾಳಾಗುವುದು ಹೇಗೆ?

ತಾಮ್ರ ಸುಮ್ನೆ ಇದ್ದರೆ ಎಷ್ಟು ವರ್ಷವಾದರೂ ಇರುತ್ತದೆ. ಮೊದಲು ಸಾಯುವುದು ಮೇಲಿನ ಪ್ಲಾಸ್ಟಿಕ್. ಪಿವಿಸಿ ಮೆತ್ತಗಿರಲಿ ಅಂತ ಅದಕ್ಕೆ ಎಣ್ಣೆಯಂಥ ವಸ್ತು ಬೆರೆಸಿರುತ್ತಾರೆ. ಇಂಜಿನ್ ಬಿಸಿಗೆ ವರ್ಷಗಟ್ಟಲೆ ಕಾದು ಅದು ಆರಿಹೋಗುತ್ತದೆ. ಆಮೇಲೆ ವೈರು ಬಗ್ಗಿಸಿದರೆ ಹಪ್ಪಳದಂತೆ ಬಿರಿಯುತ್ತದೆ.

ನೀರಿನದ್ದು ಬೇರೆ ಕಥೆ. ತಾಮ್ರದ ಬಿಂದಿಗೆಗೆ ಹಿಡಿಯುವ ಹಸಿರು ಕಿಲುಬು ವೈರಿನ ಎಳೆಗಳಿಗೂ ಹಿಡಿಯುತ್ತದೆ. ಜಾಯಿಂಟಿನ ಟೇಪಿನೊಳಗೆ ಸೇರಿದ ನೀರು ಎಳೆಗಳ ಸಂದಿಯಲ್ಲಿ ಒಳಗೊಳಗೇ ಹತ್ತುತ್ತದೆ, ಬತ್ತಿ ಎಣ್ಣೆ ಹೀರಿದ ಹಾಗೆ. ಮೇಲೆ ನೋಡಿದರೆ ವೈರು ಚೆನ್ನಾಗಿರುತ್ತದೆ, ಸುಲಿದರೆ ಕಪ್ಪು ಪುಡಿ. ಟೊಮೆಟೊ ಗಾಡಿಗಳಿಗೆ ಇನ್ನೊಂದು ಶತ್ರು: ಒಡೆದ ಹಣ್ಣಿನ ರಸ. ಹುಳಿ ರಸ ಹಲಗೆ ಸಂದಿಯಿಂದ ಚಾಸಿ ಮೇಲಿನ ವೈರಿಗೆ, ಹಿಂದಿನ ಲೈಟಿನ ಅರ್ಥ್ ಸ್ಕ್ರೂಗೆ ತೊಟ್ಟಿಕ್ಕುತ್ತಲೇ ಇರುತ್ತದೆ. ಲೋಡ್ ಇಳಿಸಿದ ಮೇಲೆ ನೀರು ಹೊಡೆದು ತೊಳೆಯುವುದು ಸಾಮಾನ್ಯ, ಆದರೆ ಕೆಳಭಾಗ ಯಾರೂ ನೋಡುವುದಿಲ್ಲ.

ಇಲಿ, ಹೆಗ್ಗಣದ ಬಗ್ಗೆ ಹೇಳಲೇಬೇಕಾಗಿಲ್ಲ.

ಎಲ್ಲಕ್ಕಿಂತ ಜಾಸ್ತಿ ಹಾಳು ಮಾಡುವುದು ನಾವೇ ಹಾಕಿಸಿದ ಎಕ್ಸ್‌ಟ್ರಾ ಫಿಟಿಂಗ್. ಜೋಡಿ ಹಾರ್ನು, ಎಲ್‌ಇಡಿ ಪಟ್ಟಿ, ಮ್ಯೂಸಿಕ್ ಸಿಸ್ಟಂ, ಮೊಬೈಲ್ ಚಾರ್ಜರ್. ಪ್ರತಿಯೊಂದಕ್ಕೂ ಯಾವುದೋ ಹತ್ತಿರದ ವೈರಿನ ಸಿಪ್ಪೆ ಸುಲಿದು, ಇನ್ನೊಂದನ್ನು ಹೊಸೆದು, ಟೇಪು ಸುತ್ತಿರುತ್ತಾರೆ. ಬರೀ ಹೊಸೆದ ಜಾಯಿಂಟು ಗಾಡಿಯ ಕುಲುಕಾಟಕ್ಕೆ ಸಡಿಲವಾಗುತ್ತದೆ. ಸಡಿಲವಾದ ಕಡೆ ತಡೆ ಹುಟ್ಟುತ್ತದೆ. ಅಲ್ಲಿ ಬರೀ 0.1 ಓಮ್ ತಡೆ ಇದ್ದು 10 ಆಂಪ್ ಹರಿದರೆ 10 ವ್ಯಾಟ್ ಬಿಸಿ. ಸಣ್ಣ ಬೆಸುಗೆ ಕಡ್ಡಿ (ಸೋಲ್ಡರಿಂಗ್ ಐರನ್) 25 ವ್ಯಾಟಿನದ್ದು. ಅದರ ಅರ್ಧದ ಹತ್ತಿರ ಬಿಸಿ, ಉಗುರಿನಷ್ಟು ಜಾಗದಲ್ಲಿ, ಪ್ಲಾಸ್ಟಿಕ್ ಟೇಪಿನೊಳಗೆ! ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಹಾರ್ನ್ ಒತ್ತಿದಾಗ ಹೆಡ್‌ಲೈಟು ಮಂಕಾಗುತ್ತಿದ್ದದ್ದು ಯಾಕೆ ಅಂತ ಈಗ ಹೇಳಬಹುದು. ಎರಡೂ ಒಂದೇ ಸಡಿಲ ಜಾಯಿಂಟಿನ ಮೂಲಕ ಊಟ ಮಾಡುತ್ತಿದ್ದವು.

ರಿಪೇರಿ ಸಾಕಾ, ಪೂರ್ತಿ ಬದಲಿಸಬೇಕಾ?

ಒಂದು ಕಡೆ ಇಲಿ ಕಡಿದಿದೆ, ಒಂದು ಕಪ್ಲರ್ ಕರಗಿದೆ, ಒಂದು ಅರ್ಥ್ ಕಿತ್ತಿದೆ ಅಂದರೆ ಅಷ್ಟೇ ರಿಪೇರಿ ಮಾಡಿಸುವುದು ಸರಿ. ಅದಕ್ಕೆ ಪೂರ್ತಿ ಕಿಟ್ ಬೇಕು ಅಂದರೆ ಇನ್ನೊಬ್ಬರ ಹತ್ತಿರ ತೋರಿಸಿ.

ಬೇರೆ ಬೇರೆ ಕಡೆ ವೈರು ಬಗ್ಗಿಸಿದರೆ ಸಿಪ್ಪೆ ಬಿರಿಯುತ್ತಿದೆಯಾ? ಕಟ್ಟು ಬಿಚ್ಚಿದಾಗ ಒಂದು ವೈರಿನ ಬಿಸಿಗೆ ಪಕ್ಕದ ವೈರುಗಳೂ ಅಂಟಿಕೊಂಡಿವೆಯಾ? ಎರಡು ಮೂರು ಕಡೆ ಸುಲಿದು ನೋಡಿದಾಗ ತಾಮ್ರ ಕಪ್ಪಾಗಿದೆಯಾ? ಆಗ ಜಾಯಿಂಟ್ ಹಾಕುವುದು ಹಳೇ ಬಟ್ಟೆಗೆ ತೇಪೆ ಹಾಕಿದಂತೆ, ತೇಪೆಯ ಪಕ್ಕದಲ್ಲೇ ಹರಿಯುತ್ತದೆ. ಸುಟ್ಟ ವಾಸನೆ ಬಂದಿದ್ದರೆ ಯೋಚನೆ ಮಾಡುತ್ತಾ ಕೂರಬಾರದು. ಗಾಡಿ ನಿಲ್ಲಿಸಿದಾಗ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿಡಿ.

ಇಲ್ಲಿ ಹೇಳುತ್ತಿರುವುದೆಲ್ಲ ಕಂಪ್ಯೂಟರ್ ಇಲ್ಲದ ಹಳೇ ಡೀಸೆಲ್ ಪಿಕಪ್‌ಗೆ. 2020ರ ಏಪ್ರಿಲ್‌ನಿಂದ ಕಡ್ಡಾಯವಾದ ಬಿಎಸ್-6 ಗಾಡಿಗಳಲ್ಲಿ, ಅದಕ್ಕೂ ಹಿಂದಿನ ಎಷ್ಟೋ ಕಾಮನ್ ರೈಲ್ ಗಾಡಿಗಳಲ್ಲಿ ಇಂಜಿನ್ನನ್ನು ಇಸಿಯು ಅನ್ನುವ ಕಂಪ್ಯೂಟರ್ ನಡೆಸುತ್ತದೆ. ಸೆನ್ಸರ್ ವೈರಿನಲ್ಲಿ ಹರಿಯುವುದು ತೀರಾ ಸಣ್ಣ ಸಿಗ್ನಲ್. ಅಲ್ಲಿ ಟೆಸ್ಟ್ ಲ್ಯಾಂಪ್ ಚುಚ್ಚಿದರೂ ಇಸಿಯು ಹಾಳಾಗಬಹುದು. ಅದು ಬೇರೆ ವಿದ್ಯೆ.

ಕಿಟ್ ತರುವಾಗ

ರೆಡಿಮೇಡ್ ಕಿಟ್ಟು ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವುದು ರೂಢಿ. ಮಾಡೆಲ್ ಹೆಸರು ಒಂದೇ ಸಾಲದು. ಒಂದೇ ಮಾಡೆಲ್ಲಿನಲ್ಲಿ ವರ್ಷದಿಂದ ವರ್ಷಕ್ಕೆ ಮೀಟರಿನ ಕಪ್ಲರ್ ಬದಲಾಗಿರುತ್ತದೆ. ಆರ್‌ಸಿ ಜೆರಾಕ್ಸ್, ಚಾಸಿ ನಂಬರ್, ಕಪ್ಲರ್‌ಗಳ ಫೋಟೋ ಇಟ್ಟುಕೊಂಡು ಹೋಗಿ. ಸಾಧ್ಯವಾದರೆ ಹಳೇ ಕಿಟ್ಟನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ.

ಒಂದು ವೈರಿನ ತುದಿ ಸುಲಿದು ಎಳೆಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ಅಲ್ಯೂಮಿನಿಯಂಗೆ ತಾಮ್ರದ ಲೇಪ. ಅದರ ತಡೆ ತಾಮ್ರದ ಒಂದೂವರೆ ಪಟ್ಟಿಗೂ ಜಾಸ್ತಿ, ಬಗ್ಗಿಸಿದರೆ ಬೇಗ ಮುರಿಯುತ್ತದೆ. ತವರ ಬಳಿದ ತಾಮ್ರವೂ ಮೇಲೆ ಬೆಳ್ಳಗೇ ಇರುತ್ತದೆ, ಅದು ಒಳ್ಳೆಯದೇ. ಕೆರೆದ ಮೇಲೆ ಕಾಣುವ ಬಣ್ಣ ಮುಖ್ಯ.

ಕೆಲವು ಹಳೇ ಮೇಸ್ತ್ರಿಗಳು ಕಿಟ್ಟನ್ನು ಕೈಯಲ್ಲೇ ಕಟ್ಟಿಕೊಡುತ್ತಾರೆ. ಹಳೆಯದನ್ನು ನೆಲದ ಮೇಲೆ ಚಾಚಿ, ಅದೇ ಅಳತೆಗೆ ಹೊಸ ವೈರು ಹಾಸಿ, ಒಂದೊಂದೇ ಕವಲು ಬಿಡುತ್ತಾ ಸುತ್ತುತ್ತಾರೆ. ನೋಡಲು ಹೂವಿನ ಹಾರ ಕಟ್ಟಿದಂತೆ. ಟೈಮು ಜಾಸ್ತಿ ಹಿಡಿಯುತ್ತದೆ, ಆದರೆ ಎಲ್ಲಿ ದಪ್ಪ ಬೇಕೋ ಅಲ್ಲಿ ದಪ್ಪ ಹಾಕಿಸಿಕೊಳ್ಳಬಹುದು. ಬಣ್ಣ ಮಾತ್ರ ಹಳೆಯದರಂತೆಯೇ ಇರಲಿ ಅಂತ ಹಟ ಹಿಡಿಯಿರಿ.

ಕೆಲಸ ನಡೆಯುವ ರೀತಿ

ಮೊದಲು ಬ್ಯಾಟರಿ. ಯಾವಾಗಲೂ ಮೈನಸ್ ಮೊದಲು ಬಿಚ್ಚಬೇಕು, ಕೊನೆಗೆ ಹಾಕಬೇಕು. ಪ್ಲಸ್ ಮೊದಲು ಬಿಚ್ಚಲು ಹೋದಾಗ ಸ್ಪ್ಯಾನರ್ ಬಾಡಿಗೆ ತಾಕಿದರೆ ದೊಡ್ಡ ಕಿಡಿ ಹಾರುತ್ತದೆ. ಮೈನಸ್ ಬಿಚ್ಚಿದ ಮೇಲೆ ಪ್ಲಸ್ ತಾಕಿದರೂ ಕರೆಂಟಿಗೆ ವಾಪಸ್ ದಾರಿ ಇಲ್ಲ.

ಆಮೇಲಿನ ಅರ್ಧ ದಿನ ಬಿಚ್ಚುವ ಕೆಲಸವೇ ಅಲ್ಲ, ಗುರುತು ಹಾಕುವ ಕೆಲಸ. ಪ್ರತಿ ಕಪ್ಲರ್ ಕೀಳುವ ಮುಂಚೆ ಫೋಟೋ. ಪ್ರತಿ ವೈರಿಗೂ ಬಿಳಿ ಟೇಪು ಸುತ್ತಿ ಪೆನ್ನಿನಲ್ಲಿ ಹೆಸರು: "ಡೈನಮೋ", "ಟೆಂಪರೇಚರ್", "ಆಯಿಲ್", "ಡೀಸೆಲ್ ಸ್ಟಾಪ್". ಅವಸರದವರು ಇದನ್ನು ಬಿಟ್ಟು ನೇರ ಕತ್ತರಿ ಹಿಡಿಯುತ್ತಾರೆ. ಎರಡು ದಿನದ ಕೆಲಸ ವಾರ ಹಿಡಿಯುವುದು ಅಂಥ ಕಡೆ. ನೀವು ಗ್ಯಾರೇಜಿನಲ್ಲಿ ನಿಂತು ಮಾಡಬಹುದಾದ ಒಳ್ಳೆಯ ಸಹಾಯವೂ ಇದೇ, ಮೊಬೈಲ್ ಹಿಡಿದು ಫೋಟೋ ತೆಗೆಯುವುದು. ಹಳೆಯದು ಯಾವ ತೂತಿನಿಂದ, ಯಾವ ಕ್ಲಿಪ್ಪಿನ ಕೆಳಗೆ ಹೋಗಿತ್ತು ಅನ್ನುವುದೂ ಫೋಟೋದಲ್ಲಿ ಬರಲಿ.

ಹೊಸದನ್ನು ಹಾಕುವ ಮೊದಲು ಹಳೆಯದರ ಪಕ್ಕ ನೆಲದ ಮೇಲೆ ಹಾಸಿ ಕಪ್ಲರ್‌ಗಳನ್ನು ಒಂದೊಂದಾಗಿ ಜೋಡಿ ನೋಡುತ್ತಾರೆ. ಒಂದೋ ಎರಡೋ ತಾಳೆಯಾಗುವುದಿಲ್ಲ, ಅದು ಮಾಮೂಲು. ಆಗ ಹಳೇ ಕಪ್ಲರನ್ನು ಸ್ವಲ್ಪ ವೈರಿನ ಸಮೇತ ಕತ್ತರಿಸಿ ಹೊಸದಕ್ಕೆ ಸೇರಿಸುತ್ತಾರೆ.

ಹಾಯಿಸುವಾಗ ನೋಡಬೇಕಾದ್ದು ಮೂರು ಜಾಗ. ತಗಡಿನ ತೂತಿನಲ್ಲಿ ವೈರು ಹೋಗುವ ಕಡೆಯೆಲ್ಲ ರಬ್ಬರ್ ಬುಷ್ ಇರಲೇಬೇಕು. ಇಲ್ಲದಿದ್ದರೆ ತಗಡಿನ ಅಂಚು ಆರು ತಿಂಗಳಲ್ಲಿ ವೈರನ್ನು ಗರಗಸದಂತೆ ಕೊಯ್ಯುತ್ತದೆ. ಇಂಜಿನ್‌ಗೂ ಬಾಡಿಗೂ ನಡುವೆ ಹೋಗುವ ವೈರು ಸ್ವಲ್ಪ ಸಡಿಲ ಇರಬೇಕು, ಇಂಜಿನ್ ಅಲ್ಲಾಡುತ್ತದಲ್ಲ. ಸೈಲೆನ್ಸರ್ ಪೈಪಿನಿಂದ ದೂರ ಇರಬೇಕು. ಹಿಂದಿನ ಲೈಟಿಗೆ ಹೋಗುವ ವೈರು ಕಪ್ಲರಿಗೆ ಸೇರುವ ಮುಂಚೆ ಸ್ವಲ್ಪ ಕೆಳಗೆ ಜೋತುಬಿದ್ದು ಮೇಲೆ ಹತ್ತಿದರೆ ಇನ್ನೂ ಒಳ್ಳೆಯದು. ವೈರು ಹಿಡಿದು ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಕಪ್ಲರ್ ಒಳಗೆ ಹೋಗುವುದಿಲ್ಲ.

ತುದಿಗೆ ಥಿಂಬಲ್ (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ಟರ್ಮಿನಲ್) ಹಾಕುವಾಗ ಸರಿಯಾದ ಕ್ರಿಂಪಿಂಗ್ ಪ್ಲಯರ್‌ನಲ್ಲೇ ಒತ್ತಬೇಕು, ಸುತ್ತಿಗೆಯಲ್ಲಿ ಜಜ್ಜುವುದಲ್ಲ. ಒತ್ತಿದ ಮೇಲೆ ಜೋರಾಗಿ ಎಳೆದು ನೋಡಿ, ಬಂದುಬಿಟ್ಟರೆ ಅದು ಹೇಗೂ ರಸ್ತೆಯಲ್ಲಿ ಬರುತ್ತಿತ್ತು. ಜಾಯಿಂಟಿನ ಮೇಲೆ ಟೇಪಿನ ಬದಲು ಬಿಸಿ ಮಾಡಿದರೆ ಮುದುಡುವ ಸ್ಲೀವ್, ಅದರಲ್ಲೂ ಒಳಗೆ ಅಂಟು ಇರುವಂಥದ್ದು, ನೀರನ್ನು ಚೆನ್ನಾಗಿ ತಡೆಯುತ್ತದೆ. ಅರ್ಥ್ ಜಾಗಗಳನ್ನೆಲ್ಲ ಪೇಂಟ್ ಹೋಗಿ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿಸಿ. ಇಂಜಿನ್ ಅರ್ಥ್ ಪಟ್ಟಿ ಹೊಸದೇ ಹಾಕಿಸಿ. ಹೊಸ ಕಿಟ್ಟಿಗೆ ಹಳೇ ಅರ್ಥ್ ಉಳಿಸುವುದರಲ್ಲಿ ಅರ್ಥವಿಲ್ಲ.

ಕರೆಂಟು ಕೊಡುವ ಗಳಿಗೆ

ಎಲ್ಲ ಜೋಡಿಸಿ ಸೀದಾ ಬ್ಯಾಟರಿ ಟರ್ಮಿನಲ್ ಕೂರಿಸಿದರೆ, ಎಲ್ಲಾದರೂ ತಪ್ಪಾಗಿದ್ದರೆ ಹೊಸ ಕಿಟ್ಟೇ ಹೊಗೆ. ಇದಕ್ಕೆ ಅನುಭವಸ್ಥರು ಒಂದು ಸರಳ ಉಪಾಯ ಮಾಡುತ್ತಾರೆ. ಎಲ್ಲ ಸ್ವಿಚ್ ಆಫ್, ಕೀ ಆಫ್. ಬ್ಯಾಟರಿಯ ಮೈನಸ್ಸಿಗೂ ಮೈನಸ್ ಕೇಬಲ್ಲಿಗೂ ನಡುವೆ ಒಂದು 21 ವ್ಯಾಟಿನ ಬಲ್ಬು ಹಿಡಿಯುತ್ತಾರೆ. ಎಲ್ಲಾದರೂ ಶಾರ್ಟ್ ಇದ್ದರೆ ಆ ಬಲ್ಬು ಪೂರ್ತಿ ಉರಿಯುತ್ತದೆ, ಅಷ್ಟೇ. ಎರಡು ಆಂಪ್‌ಗಿಂತ ಜಾಸ್ತಿ ಹರಿಯಲು ಅದು ಬಿಡುವುದಿಲ್ಲ, ಹಾಗಾಗಿ ಏನೂ ಸುಡುವುದಿಲ್ಲ. ಬಲ್ಬು ಉರಿಯದಿದ್ದರೆ ಮುಂದಕ್ಕೆ ಹೋಗಬಹುದು. ಆಮೇಲೆ ಫ್ಯೂಸುಗಳನ್ನು ಒಂದೊಂದಾಗಿ ಹಾಕುತ್ತಾ, ಒಂದೊಂದೇ ಲೈಟು, ಹಾರ್ನು, ವೈಪರ್ ನೋಡುತ್ತಾರೆ.

ಇಂಜಿನ್ ಶುರುವಾದ ಮೇಲೆ ಮೀಟರ್ ಇಟ್ಟು ಬ್ಯಾಟರಿ ವೋಲ್ಟೇಜ್ ನೋಡಿ. ಚಾರ್ಜ್ ತುಂಬಿದ ಬ್ಯಾಟರಿ ಸುಮ್ನೆ ಕೂತಿದ್ದಾಗ 12.6ರ ಹತ್ತಿರ ಇರಬೇಕು, ಇಂಜಿನ್ ಓಡುವಾಗ 13.8ರಿಂದ 14.4ರ ನಡುವೆ. 13ರ ಕೆಳಗೇ ನಿಂತರೆ ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್) ಅಥವಾ ಅದರ ವೈರು ಕೆಲಸ ಮಾಡುತ್ತಿಲ್ಲ. 15 ದಾಟಿದರೆ ವೋಲ್ಟೇಜ್ ಹಿಡಿತದಲ್ಲಿಡುವ ಕಟೌಟ್ ಕೆಟ್ಟಿದೆ, ಬಲ್ಬುಗಳು ಹೋಗುತ್ತಲೇ ಇರುತ್ತವೆ. ಇನ್ನೊಂದು ಪರೀಕ್ಷೆ: ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಇಂಜಿನ್ ಬ್ಲಾಕ್ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಇನ್ನೂ ಸರಿಯಿಲ್ಲ. ಇಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು "ಡೈನಮೋ ಟೆಸ್ಟ್" ಮಾಡುವ ಹಳೇ ಅಭ್ಯಾಸ ಬೇಡ. ಈಗಿನ ಆಲ್ಟರ್ನೇಟರಿನ ಡಯೋಡು ಅದರಿಂದಲೇ ಹೋಗುತ್ತದೆ. ಗಾಡಿಯ ಹಿಂಭಾಗದ ಬಾಡಿಗೆ ವೆಲ್ಡಿಂಗ್ ಮಾಡಿಸುವಾಗಲೂ ಬ್ಯಾಟರಿ ಬಿಚ್ಚಿಸಿ.

ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್ ತಪಾಸಣೆ) ಹತ್ತಿರ ಬಂದಿದ್ದರೆ ಈ ಕೆಲಸ ಅದಕ್ಕೆ ಮುಂಚೆಯೇ ಮುಗಿಸಿಕೊಳ್ಳುವುದು ಜಾಣತನ. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ ಆಗಬೇಕು, ಅಲ್ಲಿ ಹೆಡ್‌ಲೈಟು, ಇಂಡಿಕೇಟರ್, ಬ್ರೇಕ್ ಲೈಟು, ಹಾರ್ನು, ವೈಪರ್ ಎಲ್ಲ ನೋಡುತ್ತಾರೆ.

ನಮ್ಮ ಗಾಡಿಗೆ ಮೂರು ದಿನ ಹಿಡಿಯಿತು. ತೆಗೆದ ಹಳೇ ಕಿಟ್ಟನ್ನು ಗುಜರಿಯವರು ತಾಮ್ರದ ಆಸೆಗೆ ಅವತ್ತೇ ಕೇಳಿದರು. ಮೇಸ್ತ್ರಿ ಕೊಡಬೇಡಿ ಅಂದರು. "ಅಣ್ಣಾ, ಒಂದು ಮಳೆ ಹೋಗ್ಲಿ. ಯಾವುದಾದ್ರೂ ಒಂದು ಕಪ್ಲರ್ ಕೈ ಕೊಟ್ಟೇ ಕೊಡುತ್ತೆ, ಆಗ ಇದರಲ್ಲೇ ಹುಡುಕ್ಬೇಕು." ಹದಿನೈದು ದಿನಕ್ಕೆ ಡೀಸೆಲ್ ಗೇಜ್ ನಿಂತಿತು. ಟ್ಯಾಂಕಿನ ಕಪ್ಲರ್ ಹೊಸದರಲ್ಲಿ ಸಡಿಲ. ಗೋಣಿಚೀಲ ಬಿಚ್ಚಿ, ನಾವೇ ಬಿಳಿ ಟೇಪಿನ ಮೇಲೆ ಬರೆದಿದ್ದ "ಟ್ಯಾಂಕ್" ಹುಡುಕಿ, ಅದನ್ನೇ ಕತ್ತರಿಸಿ ಹಾಕಿಸಿದೆವು.